ಆಷಾಢದಲ್ಲಿ ನೋಡಿದ ಜಾಗ

ಈಗಲೂ ಯಾವ ಅಂಗಡಿಗೆ ಹೋದರೂ ನಾನು ಮೊದಲು ಹುಡುಕುವುದು ಎರಡನೇ ಬಾಗಿಲನ್ನು. ಸೀರೆ ಅಂಗಡಿಯವರು ಸೀರೆ ಬಿಡಿಸಿ ಹಾಕುತ್ತಿರುತ್ತಾರೆ, ನನ್ನ ಕಣ್ಣು ಅವರ ಬೆನ್ನ ಹಿಂದಿನ ಗೋಡೆಯ ಮೇಲಿರುತ್ತದೆ. ‘ಸೀರೆ ನೋಡಕ್ಕೆ ಬಂದಿಯೋ, ಗೋಡೆ ನೋಡಕ್ಕೋ’ ಎಂದು ಮಗಳು ಕೇಳುತ್ತಾಳೆ. ಆಮೇಲೆ ತಾನೇ ದನಿ ತಗ್ಗಿಸಿ, ‘ವಿಟ್ಟುಡುಮ್ಮಾ’ ಎಂದು ತಮಿಳಿಗೆ ಹೊರಳುತ್ತಾಳೆ. ಬಿಟ್ಟುಬಿಡು ಎಂದರೆ ಬಿಡುವಂಥದ್ದಲ್ಲ ಅದು. ಬಚ್ಚಲಲ್ಲಿ ಬಕೆಟ್ಟು ತುಂಬುವ ಸದ್ದು ಬಂದರೂ ಸಾಕು, ಎದ್ದು ಹೋಗಿ ನಲ್ಲಿ ನಿಲ್ಲಿಸುತ್ತೇನೆ. ಮನೆಯವರಿಗೆ ಅಭ್ಯಾಸವಾಗಿದೆ; ಅರ್ಧ ಬಕೆಟ್ಟಿನಲ್ಲೇ ಸ್ನಾನ ಮುಗಿಸುತ್ತಾರೆ.

ನಾನು ನಿವೃತ್ತಳಾದ ಮೇಲೆ ಕಂಪನಿಯಲ್ಲಿ ನನ್ನ ಕುರ್ಚಿಗೆ ಬಂದಿರುವ ಹೆಣ್ಣುಮಗಳು ಮೊನ್ನೆ ಫೋನ್ ಮಾಡಿ, ಅಂಗಡಿಗೆ ಸರಿಯಾದ ಜಾಗ ಆರಿಸುವುದು ಹೇಗೆಂದು ನಾಲ್ಕು ಮಾತು ಬರೆದುಕೊಡಿ ಎಂದಳು. ಕಂಪನಿಯ ಕೈಪಿಡಿ ಓದಿದ್ದೀಯಾ ಎಂದು ಕೇಳಿದೆ. ಓದಿದ್ದಾಳಂತೆ. ಹಾಗಾದರೆ ಅದರಲ್ಲಿ ಇಲ್ಲದ್ದನ್ನು ಬರೆಯುತ್ತೇನೆ ಎಂದೆ.

ನಮ್ಮದು ಮಿಕ್ಸಿ, ಗ್ರೈಂಡರ್, ಕುಕ್ಕರ್, ಸ್ಟೀಲ್ ಪಾತ್ರೆ ಮಾರುವ ಕಂಪನಿ. ಹುಟ್ಟಿದ್ದು ದಾವಣಗೆರೆಯಲ್ಲಿ, ಹೊಟ್ಟೆ ಬೆಳೆದದ್ದು ಚೆನ್ನೈಯಲ್ಲಿ. ಯಜಮಾನರು ಮಹಾರುದ್ರಪ್ಪನವರು, ಎಲ್ಲರ ಬಾಯಲ್ಲೂ ಸಾವ್ಕಾರ್ರು. ಹಣೆಯ ಮೇಲೆ ವಿಭೂತಿ, ಎರಡು ಕೈಗೂ ಒಂದೊಂದು ಫೋನು. ತಾವು ದಾವಣಗೆರೆಯಲ್ಲೇ ಇದ್ದುಕೊಂಡು ಚೆನ್ನೈಯನ್ನು ಆ ಎರಡು ಫೋನುಗಳ ಮೂಲಕ ಆಳುತ್ತಿದ್ದರು. ನನ್ನ ಅಪ್ಪ ಮೈಸೂರು ಕಡೆಯಿಂದ ಬಂದು ಇಲ್ಲಿ, ಚೆನ್ನೈಯ ರೈಲ್ವೆಯಲ್ಲಿ, ಗುಮಾಸ್ತರಾಗಿದ್ದವರು. ನಾನು ಓದಿದ್ದು ಭೂಗೋಳ, ಎಂ.ಎ. ಸಂದರ್ಶನಕ್ಕೆ ಹೋದಾಗ ಸಾವ್ಕಾರ್ರು ನನ್ನ ಅಂಕಪಟ್ಟಿಯನ್ನು ತಿರುಗಿಸಿ ನೋಡಿ, ‘ಭೂಗೋಳ ಓದೀರಿ. ಚಲೋ ಆತು. ಭೂಮಿ ನೋಡೋ ಕೆಲಸ ನಿಮ್ದ’ ಎಂದರು. ಅಲ್ಲಿಂದ ನಿವೃತ್ತಿಯವರೆಗೆ ನಾನು ಭೂಮಿ ನೋಡಿದೆ.

ಜಾಗ ನೋಡುವುದೆಂದರೆ ಹೆಚ್ಚಾಗಿ ನಿಲ್ಲುವುದು. ಹಾಲಿನ ಬೂತಿನ ಪಕ್ಕ, ಬಸ್ ನಿಲ್ದಾಣದ ನೆರಳಲ್ಲಿ, ಟೀ ಅಂಗಡಿಯ ಮುಂದೆ ನಿಂತು ಹೋಗುವವರು ಬರುವವರನ್ನು ಎಣಿಸುವುದು. ಹೆಂಗಸೊಬ್ಬಳು ಕೆಲಸವಿಲ್ಲದವಳಂತೆ ರಸ್ತೆಯಲ್ಲಿ ನಿಂತರೆ ಪೊಲೀಸಿನವನು ಬಂದು ‘ಯಾರಿಗಮ್ಮಾ ಕಾಯ್ತಿದೀರಿ’ ಎಂದು ಕೇಳುತ್ತಾನೆ. ಗಿರಾಕಿಗಾಗಿ ಎಂದು ನಿಜ ಹೇಳುವಂತಿರಲಿಲ್ಲ. ನಾನು ಒಂದು ಕೈಚೀಲ ಹಿಡಿದು, ಅದರಲ್ಲಿ ಕೊತ್ತಂಬರಿ ಸೊಪ್ಪು ಹೊರಗೆ ಕಾಣುವಂತೆ ಇಟ್ಟುಕೊಳ್ಳುತ್ತಿದ್ದೆ. ಕೊತ್ತಂಬರಿ ಸೊಪ್ಪು ಹಿಡಿದವಳನ್ನು ಯಾರೂ ಸಂಶಯಿಸುವುದಿಲ್ಲ. ಹೊಸಬರು ಇದನ್ನು ನೆನಪಿಡಿ.

ಎಣಿಸುವುದು ಕೆಲಸದ ಅರ್ಧ ಮಾತ್ರ ಎಂದು ಕಲಿಸಿದ್ದು ಅಂಬತ್ತೂರು. ಅಲ್ಲಿನ ಕೈಗಾರಿಕಾ ಪ್ರದೇಶದ ಗೇಟಿನ ಎದುರಿಗೇ ಒಂದು ಮಳಿಗೆ ಖಾಲಿಯಾಯಿತು. ಪಾಳಿ ಬಿಟ್ಟಾಗ ಜನ ಜಾತ್ರೆಯಂತೆ ಹೊರಬೀಳುತ್ತಿದ್ದರು. ನಾವು ಎಣಿಸಿ ಎಣಿಸಿ ಹಿಗ್ಗಿದೆವು, ಅಂಗಡಿ ತೆರೆದೆವು. ಗೇಟು ತೆರೆಯಿತು, ಜನ ಹೊರಬಿದ್ದರು, ನಮ್ಮ ಅಂಗಡಿಯ ಮುಂದೆಯೇ ಓಡಿ ಹೋದರು. ದಿನವೂ ಓಡಿದರು. ಕಂಪನಿ ಬಸ್ಸು ತಪ್ಪಿದರೆ ಮನೆ ಸೇರುವುದು ಕಷ್ಟ. ಗ್ರೈಂಡರ್ ಹೊತ್ತುಕೊಂಡು ಬಸ್ಸಿಗೆ ಓಡುವ ಗಿರಾಕಿ ಇನ್ನೂ ಹುಟ್ಟಿರಲಿಲ್ಲ. ಒಬ್ಬ ಫಿಟ್ಟರ್ ಮಾತ್ರ ಒಮ್ಮೆ ಒಳಗೆ ಬಂದು ಬಹಳ ಹೊತ್ತು ನಿಂತ. ಕೆಲಸದವರೆಲ್ಲ ಅವನನ್ನು ಸುತ್ತಿಕೊಂಡರು. ಅವನು ನಿಂತದ್ದು ಫ್ಯಾನಿನ ಕೆಳಗೆ. ‘ಬಸ್ಸು ಪಂಕ್ಚರ್ ಆಯ್ತು ಸಾರ್’ ಎಂದ.

ಕೋಡಂಬಾಕ್ಕಂ ಅಂಗಡಿ ಸಾವ್ಕಾರ್ರ ಹೃದಯದಿಂದ ಹುಟ್ಟಿದ್ದು. ಅವರ ಹರೆಯದಲ್ಲಿ ನೋಡಿದ ಕನ್ನಡ ಸಿನಿಮಾಗಳೆಲ್ಲ ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲೇ ತಯಾರಾದವೆಂದು ಅವರು ನಂಬಿದ್ದರು. ‘ಸಿನಿಮಾ ಮಂದಿ ಓಡಾಡೋ ಜಾಗ, ಸ್ಟೀಲ್ ಪಾತ್ರೆ ಯಾರಿಗೆ ಬ್ಯಾಡ’ ಎಂದರು. ಸ್ಟುಡಿಯೋ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ ಎಂದು ನಾನು ಹೇಳಿದೆ. ‘ಮಂದಿ ಎಲ್ಲಿ ಹೋಗ್ತಾರ್ರೀ, ಅಲ್ಲೇ ಇರ್ತಾರ’ ಎಂದರು. ಆ ಅಂಗಡಿ ಇದ್ದಷ್ಟು ಕಾಲ ಹೆಚ್ಚು ಜನ ಒಳಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ: ಸ್ಟುಡಿಯೋ ಎಲ್ಲಿದೆ? ಕ್ಯಾಶಿಯರ್ ಕೊನೆಗೆ ಬೇಸತ್ತು, ‘ಇದೇ, ಒಳಗೆ ಬನ್ನಿ’ ಎನ್ನುತ್ತಿದ್ದನಂತೆ.

ಇಂಥವುಗಳಿಂದ ನನಗೆ ಒಂದಿಷ್ಟು ಬುದ್ಧಿ ಬಂತು. ಕೆಲಸಕ್ಕೆ ಹೋಗುವ ದಿಕ್ಕಿನ ರಸ್ತೆಬದಿ ಬೇಡ, ಮನೆಗೆ ಮರಳುವ ದಿಕ್ಕಿನದು ಬೇಕು. ಬೆಳಿಗ್ಗೆ ಯಾರೂ ಕುಕ್ಕರ್ ಕೊಳ್ಳುವುದಿಲ್ಲ. ಎದುರಿಗೆ ಔಷಧಿ ಅಂಗಡಿ ಇದ್ದರೆ ಒಳ್ಳೆಯದು, ಜನ ನಿಲ್ಲುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ನೋಡುತ್ತಿರುವ ಕಟ್ಟಡವನ್ನು ನೋಡಬೇಡಿ, ಅಕ್ಕಪಕ್ಕದ ಹಳೇ ಮನೆಗಳ ಮೆಟ್ಟಿಲು ನೋಡಿ. ಹಳೇ ಮನೆಯವರು ಕಾರಣವಿಲ್ಲದೆ ಮೆಟ್ಟಿಲು ಕಟ್ಟುವುದಿಲ್ಲ. ಕರೆಂಟಿನ ಮೀಟರು ಯಾವ ಎತ್ತರದಲ್ಲಿದೆ ನೋಡಿ. ತಲೆಯ ಮಟ್ಟಕ್ಕಿದ್ದರೆ, ಒಂದು ಕಾಲಕ್ಕೆ ಅದು ಸೊಂಟದ ಮಟ್ಟಕ್ಕಿತ್ತು, ಯಾವುದೋ ಮಳೆಯಲ್ಲಿ ಅವರಿಗೆ ಬುದ್ಧಿ ಬಂತು ಎಂದು ಅರ್ಥ.

ಇನ್ನು ಕೈಪಿಡಿಯ ವಿಷಯ. ಅದರಲ್ಲಿ ಒಂದು ನಿಯಮವಿತ್ತು: ಯಾವ ಜಾಗವನ್ನೂ ಮಳೆಗಾಲದಲ್ಲಿ ಒಮ್ಮೆ ನೋಡದೆ ಒಪ್ಪತಕ್ಕದ್ದಲ್ಲ. ಬಹಳ ಒಳ್ಳೆಯ ನಿಯಮ. ದಾವಣಗೆರೆಯಲ್ಲಿ ಬರೆದದ್ದು. ಅಲ್ಲಿ ಮಳೆಗಾಲವೆಂದರೆ ಜ್ಯೇಷ್ಠ, ಆಷಾಢ, ಶ್ರಾವಣ. ಆಷಾಢದಲ್ಲಿ ಸಾವ್ಕಾರ್ರು ಕರಾರಿಗೆ ಸಹಿ ಹಾಕುವವರಲ್ಲ. ಆದರೆ ನೋಡುವುದಕ್ಕೆ ಅಡ್ಡಿಯಿಲ್ಲ. ಹೀಗಾಗಿ ಆಷಾಢವೇ ನಮ್ಮ ಕಂಪನಿಯ ಜಾಗ ನೋಡುವ ತಿಂಗಳಾಯಿತು. ಆಷಾಢ ಮುಗಿಯುವ ಹೊತ್ತಿಗೆ ತಮಿಳರ ಆಡಿ ತಿಂಗಳು ನಡುಮಧ್ಯ. ಆಗ ಕಟ್ಟಡದ ಮಾಲೀಕರು ಸಹಿ ಹಾಕುವುದಿಲ್ಲ. ಎರಡು ರಾಜ್ಯಗಳ ಅಶುಭ ಕಳೆದು ಸಹಿಯಾಗಿ, ಅಂಗಡಿ ಸಿದ್ಧವಾಗಿ, ದೀಪಾವಳಿಗೆ ಉದ್ಘಾಟನೆ.

ಚೆನ್ನೈಯಲ್ಲಿ ಇದ್ದವರಿಗೆ ಇಷ್ಟು ಹೇಳಿದರೆ ಸಾಕು. ಇಲ್ಲದವರಿಗಾಗಿ ಹೇಳುತ್ತೇನೆ: ಆಷಾಢದಲ್ಲಿ ಇಲ್ಲಿ ಬಿಸಿಲು. ನಮ್ಮ ಮಳೆ ಶುರುವಾಗುವುದು ದೀಪಾವಳಿಯ ಆಸುಪಾಸಿನಲ್ಲಿ, ಮುಗಿಯುವುದು ಕಾರ್ತಿಕ ಕಳೆದ ಮೇಲೆ. ಅಂದರೆ ನಮ್ಮ ಕಂಪನಿ ಪ್ರತಿಯೊಂದು ಜಾಗವನ್ನೂ ಮಳೆಗಾಲದಲ್ಲಿ ನೋಡುತ್ತಿತ್ತು, ಆದರೆ ದಾವಣಗೆರೆಯ ಮಳೆಗಾಲದಲ್ಲಿ.

ನಾನು ಹೇಳಲಿಲ್ಲವೆಂದಲ್ಲ. ಎಂ.ಎ. ಓದಿದ್ದೆ, ನಕ್ಷೆ ಹರಡಿ, ಗಾಳಿ ಯಾವ ದಿಕ್ಕಿನಿಂದ ಯಾವಾಗ ಬೀಸುತ್ತದೆಂದು ಬೆರಳಿಟ್ಟು ತೋರಿಸಿದೆ. ಸಾವ್ಕಾರ್ರು ತಾಳ್ಮೆಯಿಂದ ಕೇಳಿದರು.

‘ಮಳೆಗಾಲ ಅಂದ್ರ ಮಳೆಗಾಲ ಮೇಡಂ. ಅದೇನು ಊರಿಗೊಂದು ಇರ್ತೈತೇನ್ರೀ?’

‘ಹೌದು ಸಾರ್, ಇರತ್ತೆ. ಇಲ್ಲಿ ದೀಪಾವಳಿ ಹೊತ್ತಿಗೆ ಶುರುವಾಗೋದು.’

‘ದೀಪಾವಳಿಗೆ ಬೀಳೋದು ಅಡ್ಡಮಳಿ. ಅದನ್ನ ಲೆಕ್ಕಕ್ಕ ಹಿಡಿಬಾರದು.’



ವೇಲಚೇರಿಯ ಜಾಗ ಬಂದದ್ದು ನಾವು ಹೊಸ ವಿಧಾನಕ್ಕೆ ಹೊರಳಿದ ಮೇಲೆ. ಕೊತ್ತಂಬರಿ ಸೊಪ್ಪಿನ ಕಾಲ ಮುಗಿದಿತ್ತು. ಬೆಂಗಳೂರಿನ ಒಬ್ಬ ಸಲಹೆಗಾರ ಲ್ಯಾಪ್‌ಟಾಪಿನಲ್ಲಿ ನಕ್ಷೆ ತೆರೆದು ತೋರಿಸುತ್ತಿದ್ದ. ಎಲ್ಲಿ ಜನ ಹೆಚ್ಚೋ ಅಲ್ಲಿ ಕೆಂಪು. ವೇಲಚೇರಿ ಗಾಯದಂತೆ ಕೆಂಪಾಗಿತ್ತು. ಐಟಿ ಕಚೇರಿಗಳು, ಮಾಲು, ಮೇಲಿನ ಹಳಿಯ ರೈಲು ನಿಲ್ದಾಣ, ಹೊಸ ಹೊಸ ಫ್ಲಾಟು, ಪ್ರತಿ ಫ್ಲಾಟಿಗೂ ಒಂದು ಹೊಸ ಅಡುಗೆಮನೆ. ಅವನ ಮಾತು ಸುಳ್ಳಲ್ಲ. ಆದರೆ ಆ ನಕ್ಷೆಯಲ್ಲಿ ಅಲ್ಲಿನ ದೊಡ್ಡ ಕೆರೆಗೆ ಬಣ್ಣ ಕೊಟ್ಟಿರಲಿಲ್ಲ. ಕೆರೆ ಎಲ್ಲಿ ಎಂದು ಕೇಳಿದೆ. ‘ಅದಕ್ಕೆ ಫುಟ್‌ಫಾಲ್ ಇಲ್ಲ ಮೇಡಂ, ಯಾರೂ ನಡೆದಾಡಲ್ಲ’ ಎಂದ.

ಜಾಗ ನೋಡಲು ಹೋದೆವು. ತಿಂಗಳು ಯಾವುದೆಂದು ಹೇಳಬೇಕಿಲ್ಲ. ನೆಲಮಟ್ಟದಲ್ಲಿ ಗಾಜಿನ ಶೋರೂಮು, ಅದರ ಕೆಳಗೆ ದೊಡ್ಡ ನೆಲಮಾಳಿಗೆ. ಮಾಲಿನ ಲಿಫ್ಟು ಬಿಟ್ಟರೆ ನೆಲಮಾಳಿಗೆಗೆ ಎರಡು ದಾರಿ: ಹಿಂದಿನ ಓಣಿಯಿಂದ ವಾಹನ ಇಳಿಯುವ ಇಳಿಜಾರು, ಅದಕ್ಕೊಂದು ಶಟರು, ಇನ್ನೊಂದು, ಒಳಗಿನಿಂದ ಶೋರೂಮಿಗೆ ಹತ್ತುವ ಮೆಟ್ಟಿಲು. ಓಣಿಯ ಹಳೇ ಮನೆಗಳಿಗೆಲ್ಲ ಎದೆಮಟ್ಟದ ಜಗಲಿ. ನಾನು ಅದನ್ನು ತೋರಿಸಿದೆ. ಸಾವ್ಕಾರ್ರು ಅಲ್ಲಿ ಜಗಲಿಯ ಮೇಲೆ ಕೂತಿದ್ದ ಅಜ್ಜಿಯನ್ನು ನೋಡಿ, ‘ಎಷ್ಟು ಚೆಂದ ಕಟ್ಯಾರ, ಕುಂತು ಮಾತಾಡಾಕ’ ಎಂದರು. ಆಮೇಲೆ ಬೂಟಿನ ತುದಿಯಿಂದ ಇಳಿಜಾರಿನ ಧೂಳು ಕೆದಕಿ, ‘ನೋಡ್ರಿ ಮೇಡಂ, ಆಷಾಢದಾಗ ಧೂಳು ಹಾರಾಕ ಹತ್ತೈತಿ. ಇಂಥಾ ಒಣಾ ಜಾಗ ನಮ್ಮೂರಾಗೂ ಇಲ್ಲ’ ಎಂದರು. ಜಾಗ ಪಾಸಾಯಿತು.

ನೆಲವನ್ನು ಸಾವ್ಕಾರ್ರು ಒಪ್ಪಿದ ಮೇಲೆ ದಿಕ್ಕುಗಳನ್ನು ಒಪ್ಪಲು ವಾಸ್ತು ಪಂಡಿತರು ಬಂದರು. ದಿಕ್ಸೂಚಿ ಹಿಡಿದು ನೆಲಮಾಳಿಗೆಯಲ್ಲಿ ಸುತ್ತಿ, ಒಳಗಿನ ಮೆಟ್ಟಿಲಿನ ಬಳಿ ಬಂದು ನಿಂತುಬಿಟ್ಟರು. ಮೆಟ್ಟಿಲು ನೈಋತ್ಯದಲ್ಲಿತ್ತು. ನೈಋತ್ಯದಲ್ಲಿ ಬಾಗಿಲಿದ್ದರೆ ಲಕ್ಷ್ಮಿ ನಿಲ್ಲುವುದಿಲ್ಲ. ಅಲ್ಲಿ ಮುಚ್ಚಿರಬೇಕು, ಭಾರವಿರಬೇಕು. ಬೆಂಕಿ ಗಿಂಕಿ ಬಿದ್ದರೆ ಎಂದು ನಾನು ಬಾಯಿ ತೆರೆದೆ. ‘ಬೆಂಕಿ ಆಗ್ನೇಯದ್ದಮ್ಮ, ಇಲ್ಲಿ ಬರೋದಿಲ್ಲ’ ಎಂದರು. ಮಾರನೇ ದಿನ ಬಡಗಿ ಬಂದು ಮೆಟ್ಟಿಲಿನ ಬಾಯಿಗೆ ಪ್ಲೈವುಡ್ ಹೊಡೆದ. ಭಾರಕ್ಕೆಂದು ಅದರ ಮುಂದೆ ದೊಡ್ಡ ಗ್ರೈಂಡರುಗಳನ್ನೂ ಅವುಗಳ ಗುಂಡುಕಲ್ಲುಗಳನ್ನೂ ಜೋಡಿಸಿದರು.

ಆ ನೆಲಮಾಳಿಗೆಯ ದಾಸ್ತಾನು ನೋಡಿಕೊಳ್ಳುವವಳು ಸೆಲ್ವಿ. ಹೊಸೂರು ಕಡೆಯವಳು, ಸಮಾಧಾನವಿದ್ದಾಗ ಕನ್ನಡ, ಭಯವಾದಾಗ ತಮಿಳು. ಗಂಡನಿಲ್ಲ. ಮಗಳನ್ನು ನರ್ಸಿಂಗ್ ಓದಿಸುತ್ತಿದ್ದಳು. ಪ್ಲೈವುಡ್ ಹೊಡೆಯುವಾಗ ಪಕ್ಕದಲ್ಲೇ ನಿಂತು ನೋಡಿ, ‘ಅಕ್ಕಾ, ಲಕ್ಷ್ಮಿ ಹೋಗಬಾರದು ಅಂತ ನನ್ನನ್ನೂ ಸೇರಿಸಿ ಮುಚ್ತಿದಾರೆ’ ಎಂದು ನಕ್ಕಳು. ನಾನೂ ನಕ್ಕೆ. 

ಕಾರ್ತಿಕ ಬಂತು. ಸಮುದ್ರದಲ್ಲಿ ಚಂಡಮಾರುತ ಎದ್ದಿದೆ ಎಂದು ಟೀವಿ ಹೇಳಿತು. ವೇಲಚೇರಿಯವರು ಮಳೆಯ ಸುದ್ದಿ ಕೇಳಿದ ಕೂಡಲೇ ಕಾರುಗಳನ್ನು ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿ ನಡೆದು ಮನೆಗೆ ಬರುತ್ತಾರೆ. ಅದಕ್ಕಿಂತ ನಂಬಬಹುದಾದ ಹವಾಮಾನ ವರದಿ ಇಲ್ಲ. ಆ ಬೆಳಿಗ್ಗೆ ನಾನು ಆಟೋದಲ್ಲಿ ಅಂಗಡಿಗೆ ಹೋಗುವಾಗ ಸೇತುವೆಯ ಎರಡೂ ಬದಿ ಕಾರು. ಅಂಗಡಿ ಮುಟ್ಟುವಷ್ಟರಲ್ಲಿ ಬೆಂಗಳೂರಿನ ಸಲಹೆಗಾರನ ಫೋನು: ‘ಮೇಡಂ, ವೇಲಚೇರಿ ಇವತ್ತು ಕಡುಗೆಂಪು ತೋರಿಸ್ತಿದೆ. ಸ್ಟಾಫ್ ಜಾಸ್ತಿ ಹಾಕಿ.’

ಅವನದಾದ ಮೇಲೆ ಸಾವ್ಕಾರ್ರದು. ದಾವಣಗೆರೆಯವರಿಗೆ ಬಿರುಗಾಳಿ ಎಂದರೆ ಗಾಳಿ. ‘ಗಾಜು ಒಡೀತಂದ್ರ ಶೋರೂಮಿನ ಮಾಲೆಲ್ಲ ಹಾಳು. ಮಿಕ್ಸಿ, ಕುಕ್ಕರ್ ಎಲ್ಲಾ ಕೆಳಗ ಬೇಸ್‌ಮೆಂಟಿಗೆ ಇಳಿಸಿಬಿಡ್ರಿ. ನೀವೇ ಮುಂದ ನಿಂತು ಇಳಿಸ್ರಿ.’

‘ಸಾರ್, ನೀರು ಬಂದ್ರೆ ಮೊದಲು ತುಂಬೋದೇ ಬೇಸ್‌ಮೆಂಟು.’

‘ನಾನೇ ನೋಡೀನಲ್ರೀ ಮಳೆಗಾಲದಾಗ.’

ಅಂಗಡಿಯ ಗಂಡಸರು ಮಾಲನ್ನು ಲಿಫ್ಟಿನಲ್ಲಿ ಇಳಿಸಿಕೊಟ್ಟು, ತಮ್ಮ ತಮ್ಮ ಬೈಕುಗಳನ್ನು ಎತ್ತರಕ್ಕೆ ಸೇರಿಸಲು ಹೋದರು. ಕೆಳಗೆ ನಾನೂ ಸೆಲ್ವಿಯೂ ಡಬ್ಬಗಳನ್ನು ಜೋಡಿಸುತ್ತಿದ್ದೆವು. ಶಟರು ಅರ್ಧ ತೆರೆದಿತ್ತು. ಮಳೆಯ ಸದ್ದು ಒಂದೇ ಸಮನೆ ಇತ್ತು, ಹಾಗಾಗಿ ಅದು ಬದಲಾದದ್ದು ನನಗೆ ತಿಳಿಯಲಿಲ್ಲ. ಸೆಲ್ವಿಗೆ ತಿಳಿಯಿತು. ತಲೆ ಎತ್ತಿ, ‘ತಣ್ಣಿ ವರುದುಕ್ಕಾ’ ಎಂದಳು. ನೀರು ಬರ್ತಿದೆ ಎಂದು. ಅವಳು ತಮಿಳಿಗೆ ಹೊರಳಿದ್ದನ್ನು ಕೇಳಿಯೇ ನನ್ನ ಕೈಯಿಂದ ಕುಕ್ಕರ್ ಜಾರಿತು.

ಓಣಿಯ ನೀರು ಇಳಿಜಾರಿನ ತಲೆಯ ದಿಬ್ಬವನ್ನು ದಾಟಿಬಿಟ್ಟಿತ್ತು. ಅದು ಮಳೆಯಂತೆ ಬೀಳಲಿಲ್ಲ, ಕಾಲುವೆ ಒಡೆದಂತೆ ಬಂತು. ಲಿಫ್ಟಿನ ದೀಪ ಆರಿತು, ಎಲ್ಲ ದೀಪವೂ ಆರಿತು. ಇಳಿಜಾರಿನಲ್ಲಿ ಹತ್ತಲು ಹೋದೆವು. ಎದುರಿಗೆ ಯಾರದೋ ಸ್ಕೂಟರ್ ಅಡ್ಡಬಿದ್ದು ಜಾರುತ್ತ ಬಂದು ಶಟರಿನ ಕೆಳಗೆ ಸಿಕ್ಕಿಕೊಂಡಿತು; ಅದರ ಮೇಲೆ ಕಸದ ತೊಟ್ಟಿ. ಉಳಿದ ಸಂದಿಯಲ್ಲಿ ನೀರು ಎಷ್ಟು ಜೋರಾಗಿ ನುಗ್ಗುತ್ತಿತ್ತೆಂದರೆ, ನಾನು ಚಾಚಿದ ಕೈಯನ್ನು ಅದು ಬೇಡವೆಂಬಂತೆ ವಾಪಸು ಎಸೆಯಿತು.

ಆಗ ಫೋನು ಹೊಡೆದುಕೊಂಡಿತು. ಯಾಕೆ ಎತ್ತಿದೆನೋ, ಅಭ್ಯಾಸ.

‘ಗಾಳಿ ಹೆಂಗೈತಿ?’ ಸಾವ್ಕಾರ್ರು.

‘ಸಾರ್, ನೀರು. ಬೇಸ್‌ಮೆಂಟಿಗೆ ನೀರು ನುಗ್ಗಿದೆ. ನಾವು ಒಳಗಿದೀವಿ.’

‘ಎಷ್ಟು ಬಂದೈತಿ?’

‘ಮೊಣಕಾಲು ದಾಟಿದೆ.’

‘ಹಂಗಾರ ಕೆಳಗಿನ ಸಾಲಿನ ಮಿಕ್ಸಿ ಎಲ್ಲಾ ಮ್ಯಾಲಿನ ಸಾಲಿಗೆ ಇಡ್ರಿ’ ಎಂದರು.

ಅವರು ಕೆಟ್ಟವರಲ್ಲ. ದೂರದಲ್ಲಿದ್ದರು, ಅಷ್ಟೇ. ಜಾಗವನ್ನು ನೋಡುವುದಕ್ಕೂ ಜಾಗದಲ್ಲಿ ಇರುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ.

ನೈಋತ್ಯವೊಂದೇ ಉಳಿದಿತ್ತು. ಫೋನಿನ ಬೆಳಕನ್ನು ಹಲ್ಲಲ್ಲಿ ಕಚ್ಚಿ ಹಿಡಿದು ನಾನೂ ಸೆಲ್ವಿಯೂ ಗ್ರೈಂಡರುಗಳ ನಡುವೆ ನುಸುಳಿ ಪ್ಲೈವುಡ್ಡಿನ ಮುಂದೆ ನಿಂತೆವು. ಭುಜದಿಂದ ಗುದ್ದಿದೆವು, ಅಲುಗಲಿಲ್ಲ. ಸೆಲ್ವಿ ಬಗ್ಗಿ ನೀರಿನೊಳಗೆ ಕೈಹಾಕಿ ಒಂದು ಗುಂಡುಕಲ್ಲನ್ನು ತಡವಿ ಎತ್ತಿದಳು. ನಾನು ಇನ್ನೊಂದು ಕಡೆ ಹಿಡಿದೆ. ಇಬ್ಬರೂ ಸೇರಿ ಅದನ್ನು ತೊಟ್ಟಿಲಿನಂತೆ ತೂಗಿ ಹಲಗೆಗೆ ಬಡಿದೆವು. ಹಿಟ್ಟು ರುಬ್ಬಲೆಂದು ಮಾಡಿದ ಕಲ್ಲು. ಹಲಗೆ ಬಿರಿಯಿತು, ಮತ್ತೆ ಬಡಿದೆವು, ಒಬ್ಬರು ನುಸುಳುವಷ್ಟು ಬಾಯಿಬಿಟ್ಟಿತು.

‘ಮೊದಲ್ಲ ನೀಂಗ ಪೋಂಗಕ್ಕಾ’ ಎಂದು ಅವಳು ನನ್ನ ಬೆನ್ನಿಗೆ ಕೈಕೊಟ್ಟು ನೂಕಿದಳು. ನಾನು ಆ ಕಡೆ ಮೆಟ್ಟಿಲಿನ ಮೇಲೆ ಬಿದ್ದೆ, ತಿರುಗಿದೆ. ಅಷ್ಟರಲ್ಲಿ ಹಿಂದೆ ಗ್ರೈಂಡರುಗಳ ಸಾಲು ನೀರಿನ ಒತ್ತಡಕ್ಕೆ ಸರಿದು ಒಂದರ ಮೇಲೊಂದು ಉರುಳಿದ ಸದ್ದಾಯಿತು. ರಂಧ್ರ ಕಪ್ಪಾಯಿತು. ನಾನು ಸೆಲ್ವೀ ಎಂದು ಕೂಗಿದೆ. ತೇಲುತ್ತಿದ್ದ ಕುಕ್ಕರುಗಳು ಗೋಡೆಗೆ ಬಡಿದುಕೊಳ್ಳುವ ಸದ್ದು ಮಾತ್ರ, ಟಣ್, ಟಣ್, ಅಡುಗೆಮನೆಯಲ್ಲಿ ಯಾರೋ ಕೆಲಸದಲ್ಲಿರುವಂತೆ.

ನಾನು ದಿನವೂ ಮರಳಿ ಹೋಗುವುದು ಅಲ್ಲಿಗೆ. ಆಮೇಲೆ ಏನಾಯಿತೆಂದು ನನಗೆ ಗೊತ್ತು, ಆದರೂ ಅಲ್ಲಿ ನಿಂತಾಗ ಗೊತ್ತಿರುವುದಿಲ್ಲ. ಕೈ ಬರುವುದಿಲ್ಲ, ಬರುವುದಿಲ್ಲ, ಬರುವುದಿಲ್ಲ. ಆಮೇಲೆ ಒಡೆದ ಹಲಗೆಯ ಕೆಳಗಿನ ಮೂಲೆಯಿಂದ, ನಾನು ನೋಡುತ್ತಲೇ ಇಲ್ಲದ ಕಡೆಯಿಂದ, ಗಾಜಿನ ಬಳೆಯ ಒಂದು ಕೈ ಬಂತು. ನಾನು ಎಳೆದೆ. ಮೊಳೆಗೆ ಸಿಕ್ಕಿದ ಸೆರಗು ಹರಿಯಿತು. ಅವಳು ಬಂದಳು.

ಇಬ್ಬರೂ ಮೆಟ್ಟಿಲು ತೆವಳಿ ಶೋರೂಮಿಗೆ ಹೊರಬಿದ್ದಾಗ ಅಲ್ಲಿ ಪ್ಯಾಂಟು ಮಡಚಿಕೊಂಡ ಒಬ್ಬ ಗಿರಾಕಿ ನಿಂತಿದ್ದ. ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಎಮರ್ಜೆನ್ಸಿ ಲೈಟ್ ಇದೆಯಾ?’ ಎಂದು ಕೇಳಿದ. ಸೆಲ್ವಿ ಕೆಮ್ಮುತ್ತಲೇ, ‘ಕೆಳಗಿದೆ ಸಾರ್’ ಎಂದಳು.

ನೀರು ಇಳಿದ ಮೇಲೆ ವಿಚಾರಣೆಗಳು ನಡೆದವು. ವಿಮೆಯವರು ಬಂದು, ನೀರಿನಿಂದ ಹಾಳಾದದ್ದಕ್ಕೆಲ್ಲ ವಿಮೆ ಉಂಟು, ಆದರೆ ಈ ಪ್ಲೈವುಡ್ಡು ನೀರಿನಿಂದ ಒಡೆದದ್ದಲ್ಲವಲ್ಲ, ಯಾರು ಒಡೆದರು ಎಂದು ಕೇಳಿದರು. ಸಲಹೆಗಾರ ಬಂದು, ಆ ದಿನ ನಕ್ಷೆ ಕೆಂಪಾಗಿದ್ದದ್ದು ನಿಜವಾದ್ದರಿಂದ ತನ್ನ ವಿಧಾನದಲ್ಲಿ ದೋಷವಿಲ್ಲ ಎಂದ. ವಾಸ್ತು ಪಂಡಿತರು ಬಂದು ಒಡೆದ ಹಲಗೆಯ ಮುಂದೆ ನಿಟ್ಟುಸಿರುಬಿಟ್ಟರು.

‘ನೋಡಿ, ನೈಋತ್ಯದಲ್ಲಿ ರಂಧ್ರ ಮಾಡಿದಿರಿ. ಅದಕ್ಕೇ ನೀರು ಬಂತು.’

‘ಸ್ವಾಮಿ, ನೀರು ಬಂದ ಮೇಲೆ ರಂಧ್ರ ಮಾಡಿದ್ದು.’

‘ದೋಷಕ್ಕೆ ಹಿಂದು ಮುಂದು ಇರೋದಿಲ್ಲಮ್ಮ.’

ಅಂಗಡಿ ಮುಚ್ಚುತ್ತಾರೆಂದು ನಾನು ಎಣಿಸಿದ್ದೆ. ಮುಚ್ಚಲಿಲ್ಲ. ಕೆಂಪು ಜಾಗ, ಬಿಡಲು ಯಾರಿಗೆ ಮನಸ್ಸು ಬರುತ್ತದೆ. ಹೊಸ ದಾಸ್ತಾನು ಬಂತು, ಅದೇ ನೆಲಮಾಳಿಗೆಗೆ ಇಳಿಯಿತು. ಸೆಲ್ವಿಯನ್ನೂ ಇಳಿಯಲು ಹೇಳಿದರು. ಮೆಟ್ಟಿಲಿನ ಬಾಯಿ ಇನ್ನೂ ತೆರೆದಿತ್ತು; ಸಾವ್ಕಾರ್ರು ಪಂಡಿತರನ್ನು ಕರೆದುಕೊಂಡು ಬಂದು ನೋಡಿದ ಮೇಲೆ ಹೊಸ ಹಲಗೆ ಹೊಡೆಯುವುದೆಂದು ತೀರ್ಮಾನವಾಗಿತ್ತು. ಬಡಗಿಗೆ ಹೇಳಿಯಾಗಿತ್ತು.

ಸೆಲ್ವಿ ನನ್ನನ್ನು ಕಾಫಿ ಕುಡಿಯುವ ನೆಪದಲ್ಲಿ ಹೊರಗೆ ಕರೆದಳು. ‘ಅಕ್ಕಾ, ಆ ಬಾಗಿಲು ತೆಗ್ದಿದ್ರೆ ನಾನು ಇಳೀತೀನಿ. ಮುಚ್ಚಿದ್ರೆ ಊರಿಗೆ ಹೋಗ್ತೀನಿ. ಮಗಳಿಗೆ ಇನ್ನೂ ಒಂದು ವರ್ಷ ಓದೋದಿದೆ, ಅದು ನಿಂತೋಗತ್ತೆ. ನಿಂತ್ರೆ ನಿಲ್ಲಲಿ. ಅವಳಿಗೆ ಅಮ್ಮ ಬೇಕಲ್ಲ.’ ಕನ್ನಡದಲ್ಲೇ ಹೇಳಿದಳು. ಅಂದರೆ ಚೆನ್ನಾಗಿ ಯೋಚಿಸಿದ್ದಳು.

ನಾನು ಸಾವ್ಕಾರ್ರಿಗೆ ಮೂರು ಸಲ ಫೋನ್ ಮಾಡಿದೆ. ಮೊದಲ ಸಲ ಭೂಗೋಳ ಹೇಳಿದೆ, ಎರಡನೇ ಸಲ ಕಾನೂನು ಹೇಳಿದೆ, ಮೂರನೇ ಸಲ ಸೆಲ್ವಿಯ ಕೈಯ ಕಥೆ ಹೇಳಿದೆ. ‘ಪಾಪ ರೀ ಆ ಹೆಣ್ಣುಮಗಳು. ದೇವರು ದೊಡ್ಡಾಂವ’ ಎಂದರು. ಹಿಂದೆಯೇ, ‘ಪಂಡಿತರು ನೈಋತ್ಯ ಮುಚ್ಚಲೇಬೇಕು ಅಂತಾರ. ಇನ್ನೊಮ್ಮೆ ಹಿಂಗ ಆಗಬಾರದು ನೋಡ್ರಿ, ಅದಕ್ಕ’ ಎಂದರು.

ಅವರು ಬಂದು ಜಾಗ ನೋಡುವುದು ಆಷಾಢದಲ್ಲೆಂದು ಗೊತ್ತಾಯಿತು. ಬಿಸಿಲಿನಲ್ಲಿ ನಿಂತು ಧೂಳು ಕೆದಕುತ್ತಾರೆ, ಹಲಗೆ ಬೀಳುತ್ತದೆ. ಅವರು ಬರುವ ಹಿಂದಿನ ದಿನ ನಾನು ಮನೆಗೆ ಹೋಗುವಾಗ ನಮ್ಮ ಬೀದಿಯ ಮೂಲೆಯ ಗುಡಿಯ ಮುಂದೆ ನಿಂತೆ. ಭಕ್ತಿಯಿಂದಲ್ಲ, ಸಿಗ್ನಲ್ಲಿಗಾಗಿ. ಪ್ರಾಕಾರದ ನೈಋತ್ಯದಲ್ಲಿ ಒಬ್ಬ ಪುಟ್ಟ ಗಣಪತಿ ಕೂತಿದ್ದ. ತಮಿಳುನಾಡಿನಲ್ಲಿ ಆ ಮೂಲೆಗೆ ಕನ್ನಿಮೂಲೆ ಎನ್ನುತ್ತಾರೆ, ಅಲ್ಲಿ ಪಿಳ್ಳೈಯಾರ್, ಅಂದರೆ ಗಣಪತಿ, ಇರುತ್ತಾನೆ, ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಅವನ ಎದುರಿಗೆ ಯಾರೂ ಹಲಗೆ ಹೊಡೆದದ್ದನ್ನು ಮಾತ್ರ ಈವರೆಗೆ ನೋಡಿಲ್ಲ.

ಮರುದಿನ ಬೆಳಿಗ್ಗೆ ಸಾವ್ಕಾರ್ರ ರೈಲು ಬರುವ ಮುಂಚೆ ನಾನೂ ಸೆಲ್ವಿಯೂ ಕೆಳಗಿಳಿದೆವು. ಹಲಗೆ ಒಡೆದ ಆ ಗುಂಡುಕಲ್ಲು ಮೂಲೆಯಲ್ಲೇ ಬಿದ್ದಿತ್ತು. ಜೊತೆಯ ಗ್ರೈಂಡರ್ ಗುಜರಿಗೆ ಹೋಗಿತ್ತು. ಅದನ್ನು ತೊಳೆದು, ಮೆಟ್ಟಿಲಿನ ಬಾಯಿಯ ಪಕ್ಕ, ಮೊದಲ ಮೆಟ್ಟಿಲಿನ ಮೇಲೆ ನಿಲ್ಲಿಸಿದೆವು. ನಾನು ಅರಿಶಿನ ಬಳಿದೆ, ಕುಂಕುಮ ಇಟ್ಟೆ. ಸೆಲ್ವಿ ಗರಿಕೆ ಇಟ್ಟು, ದಾಸವಾಳ ಮುಡಿಸಿ, ಕರ್ಪೂರ ಹಚ್ಚಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ನೋಡಿದ್ದರೆ ನಗು ಬರುತ್ತಿತ್ತು ಎಂದುಕೊಂಡಿದ್ದೆ. ಕರ್ಪೂರ ಉರಿಯುವಾಗ ನಗು ಬರಲಿಲ್ಲ. ಆ ಕಲ್ಲಿನ ಋಣ ನಮ್ಮಿಬ್ಬರ ಮೇಲೂ ಇತ್ತು.

ಸಾವ್ಕಾರ್ರು ಪಂಡಿತರ ಜೊತೆ ಇಳಿದು ಬಂದವರು ಮೆಟ್ಟಿಲಿನ ಬಳಿ ನಿಂತರು.

‘ಇದೇನ್ರಿ?’

‘ಕನ್ನಿಮೂಲೆ ಪಿಳ್ಳೈಯಾರ್ ಸಾರ್’ ಎಂದಳು ಸೆಲ್ವಿ. ‘ಅವತ್ತು ನಮ್ಮನ್ನ ಉಳ್ಸಿದ್ದು ಇವರೇ.’

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸಾವ್ಕಾರ್ರು ಚಪ್ಪಲಿ ಬಿಟ್ಟು ಕೈಮುಗಿದರು. ಪಂಡಿತರು ದಿಕ್ಸೂಚಿ ತೆಗೆದು, ಕಲ್ಲನ್ನು ನೋಡಿ, ಸೂಜಿಯನ್ನು ನೋಡಿ, ನನ್ನನ್ನೂ ಸ್ವಲ್ಪ ಹೊತ್ತು ನೋಡಿ, ‘ನೈಋತ್ಯದಲ್ಲಿ ಗಣಪತಿ ಶಾಸ್ತ್ರೋಕ್ತವೇ’ ಎಂದರು. ಹಲಗೆ ಹಿಡಿದು ಕಾಯುತ್ತಿದ್ದ ಬಡಗಿ, ಹೊಡೆಯಲೇ ಎಂದು ಕೇಳಿದ.

‘ಏ ಮಾರಾಯ, ದೇವರ ಬಾಗಲು ಮುಚ್ಚತಾರೇನೋ’ ಎಂದರು ಸಾವ್ಕಾರ್ರು. ‘ಎದುರಿಗೆ ಮಾಲೂ ಇಡಬ್ಯಾಡ್ರಿ. ದಾರಿ ಬಿಡ್ರಿ.’

ಎಂ.ಎ. ಭೂಗೋಳಕ್ಕೆ ಬಗ್ಗದ ಕಂಪನಿ ಒಂದು ಚಿಟಿಕೆ ಅರಿಶಿನಕ್ಕೆ ಬಗ್ಗಿತು. ಹೊಸಬರು ಇದರಿಂದ ಏನು ಕಲಿಯಬೇಕೋ ನನಗೆ ತಿಳಿಯದು. ಜಾಗವನ್ನು ಆ ಊರಿನ ಮಳೆಯಲ್ಲಿ ನೋಡಿ ಎಂದು ಮೊದಲು ಹೇಳಿ. ಗಟ್ಟಿಯಾಗಿ ಹೇಳಿ. ಕೇಳದಿದ್ದರೆ, ಕೇಳದವರಿಗೆ ಅರ್ಥವಾಗುವ ಭಾಷೆ ಯಾವುದೆಂದು ಹುಡುಕಿ. ಕೆಳಗೆ ಕೆಲಸ ಮಾಡುವವರು ವಾದ ಗೆಲ್ಲುವವರೆಗೆ ಕಾಯಲಾರರು.

ಇದಾಗಿ ಸ್ವಲ್ಪ ದಿನಕ್ಕೆ ನಾನು ನಿವೃತ್ತಳಾದೆ. ನೆಲಮಾಳಿಗೆ ಈಗಲೂ ನೆಲಮಾಳಿಗೆಯೇ, ಕೆರೆ ಈಗಲೂ ಅಲ್ಲೇ ಇದೆ. ಕಾರ್ತಿಕದಲ್ಲಿ ಮೋಡ ಕಟ್ಟಿದರೆ ನಾನು ಮೊದಲು ಟೀವಿಯಲ್ಲಿ ಮೇಲ್ಸೇತುವೆ ತೋರಿಸುತ್ತಾರೇನೋ ನೋಡುತ್ತೇನೆ, ಆಮೇಲೆ ಸೆಲ್ವಿಗೆ ಫೋನ್ ಮಾಡುತ್ತೇನೆ. ಅವಳಿಗೆ ನಾನು ಏನು ಕೇಳುತ್ತೇನೆಂದು ಗೊತ್ತು, ಹಲೋ ಕೂಡ ಹೇಳುವುದಿಲ್ಲ.

‘ಪಿಳ್ಳೈಯಾರ್‌ಗೆ ಹೂವಿಟ್ಟಾಯ್ತಕ್ಕಾ. ಬಾಗಿಲು ತೆಗ್ದಿದೆ. ನಾನು ಮೇಲಿದೀನಿ.’

ಕನ್ನಡದಲ್ಲಿ ಹೇಳುತ್ತಾಳೆ. ಅಷ್ಟು ಕೇಳಿದ ದಿನ, ಬಚ್ಚಲಲ್ಲಿ ಬಕೆಟ್ಟು ತುಂಬುತ್ತಿದ್ದರೆ ತುಂಬಲು ಬಿಡುತ್ತೇನೆ.